ಅಟ್ಟದ ಕೆಳಗಿನ ಶಟರು

ಶಟರು ಕೈಕೊಟ್ಟರೆ ಅಂಗಡಿಯವರು ಬೈಯುತ್ತಾ ಫೋನ್ ಮಾಡುತ್ತಾರೆ, ಮನೆಯವರು ಗೋಗರೆಯುತ್ತಾ ಮಾಡುತ್ತಾರೆ. ಆ ಮಧ್ಯಾಹ್ನ ಬಂದ ಫೋನಿನಲ್ಲಿ ಎರಡೂ ಇರಲಿಲ್ಲ.

"ಮೇಸ್ತ್ರಿ, ಕಾರು ನಿಲ್ಸೋ ಶೆಡ್ಡಿನ ಶಟರು ಮೇಲಕ್ಕೆ ಏಳ್ತಿಲ್ಲ. ನಮ್ಮಕ್ಕ ಒಳಗವ್ಳೆ."

ನಾನು ತಿಪಟೂರಿನ ನನ್ನ ಅಂಗಡಿಯಲ್ಲಿ ಊಟದ ಡಬ್ಬಿ ಬಿಚ್ಚಿದ್ದೆ. ಎಷ್ಟು ಎದ್ದು ನಿಂತಿದೆ ಎಂದು ಕೇಳಿದೆ. ಗೇಣುದ್ದ ಎಂದರು. ನಾನು ಬರುವ ತನಕ ಯಾರೂ ಹಾರೆ ಹಾಕಿ ಮೀಟಬೇಡಿ ಎಂದೆ.

"ಹಾಕಾಯ್ತಲ್ಲ ಮೇಸ್ತ್ರಿ" ಎಂದರು.

ಡಬ್ಬಿ ಮುಚ್ಚಿದೆ. ನನ್ನ ಕೆಲಸದಲ್ಲಿ ಕೆಟ್ಟ ಶಟರನ್ನು ರಿಪೇರಿ ಮಾಡುವುದಕ್ಕಿಂತ, ನಾನು ಬರುವ ಮುಂಚೆ ನಾಲ್ಕು ಜನ ಸೇರಿ ರಿಪೇರಿ ಮಾಡಿಟ್ಟ ಶಟರನ್ನು ಸರಿಮಾಡುವುದು ಕಷ್ಟ. ಆದರೂ ಆ ದಿನ ಸಿಟ್ಟಿಗಿಂತ ಗಾಬರಿಯೇ ಮುಂದಿತ್ತು. ಸಾಮಾನು ಸಿಕ್ಕಿಕೊಂಡ ಶಟರು ಬೇಕಾದಷ್ಟು ಬಿಚ್ಚಿದ್ದೇನೆ. ಮನುಷ್ಯರು ಸಿಕ್ಕಿಕೊಂಡದ್ದು ನನಗೆ ಅದೇ ಮೊದಲು. ಚೀಲವನ್ನೂ ಕಟಿಂಗ್ ಮಿಷನ್ನನ್ನೂ ಗಾಡಿಗೆ ಕಟ್ಟಿಕೊಂಡು ಹೊನ್ನವಳ್ಳಿ ರಸ್ತೆ ಹಿಡಿದೆ.

ಹೊನ್ನವಳ್ಳಿಗೆ ಮುಂಚೆಯೇ ಎಡಕ್ಕೆ ತಿರುಗಿದರೆ ಆ ಊರು. ಮನೆಯ ಪಕ್ಕದಲ್ಲಿ ಒಂದು ಕಾಲದ ದನದ ಕೊಟ್ಟಿಗೆಯನ್ನೇ ಕಾರಿನ ಶೆಡ್ಡು ಮಾಡಿದ್ದರು. ಮೂರು ಕಡೆ ಮಣ್ಣಿನ ಗಾರೆಯ ಹಳೆ ಕಲ್ಲುಗೋಡೆ, ಮುಂದೆ ಎರಡು ಕಂಬ, ಕಂಬಗಳ ಮೇಲೆ ಅಡ್ಡಲಾಗಿ ಒಂದು ಮರದ ತೊಲೆ. ಆ ತೊಲೆಯಿಂದ ಹಿಂದಿನ ಗೋಡೆಯವರೆಗೆ ಮರದ ಅಡ್ಡೆಗಳನ್ನು ಹಾಸಿ ತೆಂಗಿನಕಾಯಿ ಒಣಗಿಸುವ ಅಟ್ಟ, ಅದರ ಮೇಲೆ ಸಿಮೆಂಟ್ ಶೀಟಿನ ಮಾಡು. ಇಲಿ, ಕೋತಿ ನುಗ್ಗದಿರಲಿ ಎಂದು ಅಟ್ಟದ ಮುಂಭಾಗಕ್ಕೆಲ್ಲ ತಗಡು ಹೊಡೆದಿದ್ದರು. ತಗಡು ತೊಲೆಯನ್ನೂ ಮುಚ್ಚಿಕೊಂಡು ಕೆಳಗಿನವರೆಗೆ ಬಂದಿತ್ತು. ಶಟರನ್ನು ತೊಲೆಯ ಒಳಬದಿಯಲ್ಲಿ ಹಾಕಿದ್ದರು, ಹಾಗಾಗಿ ಪಟ್ಟಿಗಳು ಸುತ್ತಿಕೊಳ್ಳುವ ಸುರುಳಿ ಹೊರಗೆ ನಿಂತವರಿಗೆ ಕಾಣುವಂತಿರಲಿಲ್ಲ.

ಮನೆಯ ಯಜಮಾನರು ಕಾರಿನ ಪಕ್ಕ ನಿಂತಿದ್ದರು. ತುರುವೇಕೆರೆಗೆ ಹೋಗಿದ್ದವರು ಬೇಗ ಹೊರಟು ಬಂದಿದ್ದರು. ಬಂದು ನೋಡಿದರೆ ಬಾಗಿಲು ಹೀಗೆ. ಅವರ ಹೆಂಡತಿ ಗೋಡೆಗೆ ಒರಗಿ ನಿಂತಿದ್ದರು. ಉಳಿದಂತೆ ಅರ್ಧ ಊರೇ ಅಲ್ಲಿತ್ತು, ಪ್ರತಿಯೊಬ್ಬರ ಹತ್ತಿರವೂ ಒಂದು ಉಪಾಯವಿತ್ತು. ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಎನ್ನುತ್ತಾರಲ್ಲ, ಹಾಗೆ.

"ಕೋತಿ ಕಾಟ ಅಂತ ಅಕ್ಕ ಒಳಗಿಂದ್ಲೇ ಶಟರು ಎಳ್ಕೊಂಡು ಕಾಯಿ ಮಟ್ಟೆ ಆರಿಸ್ತಿದ್ಲಂತೆ" ಎಂದರು ಯಜಮಾನರು. "ನಾನು ಬತ್ತೀನಿ ಅಂತ ಫೋನ್ ಮಾಡ್ದೆ. ಅವ್ಳು ಎತ್ತಕ್ಕೋದ್ರೆ ಇಷ್ಟೇ ಎದ್ದಿದ್ದು. ನಾವು ನಾಲ್ಕು ಜನ ಹಾರೆ ಹಾಕುದ್ವಿ. ಅಲ್ಲಾಡ್ಲಿಲ್ಲ."

ನೆಲದ ಮೇಲೆ ಮಲಗಿ ಸಂದಿಗೆ ಮುಖವಿಟ್ಟೆ. ಒಳಗೆ ಕತ್ತಲೆ, ತೆಂಗಿನ ಸಿಪ್ಪೆಯ ಧೂಳಿನ ವಾಸನೆ. ಒಂದು ಹಳೇ ಸೀರೆಯ ಅಂಚು ಕಂಡಿತು.

"ಅಕ್ಕಾ, ಉಸಿರಾಡಕ್ಕೆ ಏನೂ ತೊಂದ್ರೆ ಇಲ್ವಾ?"

"ಇಲ್ಲ ಕಣಪ್ಪ. ಸೆಕೆ, ಅಷ್ಟೇಯ. ನೀನು ಬೇಗ ತಗಿ."

ನೀರಿನ ಬಾಟಲಿಯನ್ನು ಅಡ್ಡ ಮಲಗಿಸಿ ಒಳಕ್ಕೆ ತಳ್ಳಿದೆ. ತೆಗೆದುಕೊಂಡ ಕೈ ಅರವತ್ತು ದಾಟಿದ ಹೆಂಗಸಿನದು, ಬೆರಳುಗಳು ಮಾತ್ರ ಗಂಡಸಿನಷ್ಟು ಗಟ್ಟಿ.

ಶಟರು ತೆರೆಯದಿದ್ದರೆ ಕಾರಣ ಬಹಳಮಟ್ಟಿಗೆ ಕೈಗೇ ಗೊತ್ತಾಗುತ್ತದೆ. ಸ್ಪ್ರಿಂಗು ಮುರಿದಿದ್ದರೆ ನೆಲದಿಂದ ಎತ್ತುವಾಗಲೇ ಹೆಣಭಾರ. ಪಟ್ಟಿಗಳು ಜಾರುವ ಪಕ್ಕದ ಗೈಡಿನಲ್ಲಿ ಏನಾದರೂ ಸಿಕ್ಕಿಕೊಂಡಿದ್ದರೆ ಒಂದು ಪಕ್ಕ ಏಳುತ್ತದೆ, ಇನ್ನೊಂದು ಪಕ್ಕ ಮೊಂಡು ಹಿಡಿಯುತ್ತದೆ. ಬೀಗದ ನಾಲಿಗೆ ಹೊರಗಿದ್ದರೆ ಅಲುಗುವುದೇ ಇಲ್ಲ. ಇದು ಗೇಣುದ್ದ ಎದ್ದು, ಎರಡೂ ಪಕ್ಕ ಸಮವಾಗಿ ನಿಂತುಬಿಟ್ಟಿತ್ತು. ಕೆಳಕ್ಕೆ ಒತ್ತಿ ನೋಡಿದೆ. ಕೆಳಕ್ಕೂ ಬರಲಿಲ್ಲ. ಏಳದ ಶಟರು ಇಳಿಯಲಾದರೂ ಬೇಕು. ಎರಡೂ ಇಲ್ಲವೆಂದರೆ ಮೇಲೆ ಸುರುಳಿಯನ್ನು ಏನೋ ಕಚ್ಚಿ ಹಿಡಿದಿದೆ ಎಂದೇ ಅರ್ಥ.

ಅಷ್ಟು ಗೊತ್ತಿದ್ದೂ ದಾರಿ ತಪ್ಪಿದೆ. ಹಾರೆಯ ಏಟಿಗೆ ಕೆಳಗಿನ ಪ್ಲೇಟು ಬಲಗಡೆ ಸೊಟ್ಟಗಾಗಿತ್ತು. ಅದೇ ಗೈಡಿಗೆ ಸಿಕ್ಕಿಕೊಂಡಿದ್ದರೂ ಇರಬಹುದು ಎನ್ನಿಸಿತು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೆಟ್ಟಗೆ ಮಾಡಿದೆ, ಗೈಡಿಗೆ ಎಣ್ಣೆ ಬಿಟ್ಟೆ, ತೆಳ್ಳನೆಯ ಪಟ್ಟಿ ತೂರಿಸಿ ಕೆಳಗಿಂದ ಮೇಲಿನವರೆಗೆ ಆಡಿಸಿ ನೋಡಿದೆ. ಗೈಡು ಚೊಕ್ಕವಾಗಿತ್ತು, ಶಟರು ಅಲುಗಲಿಲ್ಲ. ಆಗ ಮತ್ತೆ ಮಲಗಿ ಕೇಳಿದೆ.

"ಅಕ್ಕಾ, ನಿಮ್ಮ ಫೋನಲ್ಲಿ ಲೈಟ್ ಐತಾ? ಮೇಲೆ ಸುರುಳಿ ಸುತ್ಕಂಡಿರ್ತದಲ್ಲ, ಅದಕ್ಕೆ ತೊಲೆ ಏನಾದ್ರೂ ತಾಗೈತಾ ನೋಡಿ ಹೇಳಿ."

ಆಮೇಲೆ ಸಂದಿಯ ಹತ್ತಿರ ಬೆಳಕು ಆಡಿತು.

"ತಾಗಿಲ್ಲ ಕಣಪ್ಪ. ತೊಲೆ ಮೇಲೈತೆ, ಎಲ್ಲಾ ಸರ್ಯಾಗೈತೆ. ನೀನು ಹೆಂಗೂ ಮಿಷನ್ ತಂದಿದ್ದೀಯಂತೆ, ಶಟರು ಕುಯ್ದುಬುಡು."

ಒಳಗಿದ್ದವರು ನೋಡಿ ಹೇಳಿದ ಮೇಲೆ ಹೊರಗಿದ್ದವನು ಅನುಮಾನಪಡುವುದು ಹೇಗೆ? ಸುರುಳಿಯೊಳಗಿನ ಸ್ಪ್ರಿಂಗೇ ಮಡಚಿಕೊಂಡು ಸಿಕ್ಕಿಹಾಕಿಕೊಂಡಿರಬೇಕು ಎಂದುಕೊಂಡೆ. ಅಪರೂಪಕ್ಕೆ ಹಾಗೂ ಆಗುತ್ತದೆ. ಕೆಳಗಿನ ಕೆಲವು ಪಟ್ಟಿಗಳನ್ನು ಕುಯ್ದು ಆಕೆ ನುಸುಳುವಷ್ಟು ಜಾಗ ಮಾಡುವುದು ಎಂದು ತೀರ್ಮಾನಿಸಿದೆ. ಮನೆಯಿಂದ ವೈರು ಎಳೆಸಿದೆ, ಆಕೆಯನ್ನು ಹಿಂದಕ್ಕೆ ಸರಿಯಲು ಹೇಳಿದೆ, ಕನ್ನಡಕ ಹಾಕಿಕೊಂಡು ಮೊದಲ ಪಟ್ಟಿಗೆ ಚಕ್ರ ತಾಗಿಸಿದೆ.

ಕಿಡಿ ಹಾರಿತು, ಇಡೀ ಶಟರು ಗಡಗಡ ಅದುರಿತು. ಸಂದಿಯ ಹತ್ತಿರ ಚಾಚಿದ್ದ ನನ್ನ ಎಡಗೈ ಮೇಲೆ ಏನೋ ಪುಡಿ ಉದುರಿತು. ತುಕ್ಕು ಎಂದುಕೊಂಡು ಒರೆಸಲು ಹೋದೆ. ತುಕ್ಕಲ್ಲ, ಮರದ ಪುಡಿ. ಹಳೇ ಮರದ ಹೊರಮೈ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಇದು ಹಳದಿಯಾಗಿತ್ತು, ಈಗಷ್ಟೇ ಸೀಳಿದ ಮರದ ಒಳಗಿನದು.

ಮಿಷನ್ ನಿಲ್ಲಿಸಿದೆ. ಯಾಕೆ ನಿಲ್ಲಿಸಿದ್ರಿ ಎಂದು ಹಿಂದಿನಿಂದ ಮೂರು ದನಿ ಬಂದವು. ಏಣಿ ತರಿಸಿ ತಗಡಿನ ಮೊಳೆಗಳನ್ನು ಒಂದೊಂದಾಗಿ ಸದ್ದಾಗದಂತೆ ಕಿತ್ತು, ತಗಡಿನ ಒಂದು ಮೂಲೆ ಮಡಚಿ, ಟಾರ್ಚು ಬಿಟ್ಟೆ.

ತೊಲೆ ನಡುವೆ ಇಳಿದಿತ್ತು. ಒಳಮೈ ಉದ್ದಕ್ಕೂ ಸೀಳು ಬಿಟ್ಟು, ಶಟರಿನ ಸುರುಳಿಯ ಮೇಲೆ ಪೂರಾ ಕೂತಿತ್ತು. ಸುರುಳಿಯ ಪೈಪು ಕೆಳಕ್ಕೆ ಬಾಗಿತ್ತು. ಶಟರು ಎದ್ದಷ್ಟೂ ಸುರುಳಿ ದಪ್ಪವಾಗುತ್ತದೆ. ನಾಲ್ಕು ಜನ ಹಾರೆ ಹಾಕಿ ಎತ್ತಿದಾಗ ಆ ದಪ್ಪವೇ ತೊಲೆಯ ಕೆಳಗೆ ಬೆಣೆಯಂತೆ ಇನ್ನೂ ಬಿಗಿಯಾಗಿ ಸಿಕ್ಕಿಕೊಂಡಿತ್ತು. ಅಟ್ಟದ ಮುಂಭಾಗವನ್ನು ಈಗ ಹೊತ್ತಿದ್ದು ತೊಲೆಯಲ್ಲ, ನಾನು ಕುಯ್ಯಲು ಹೊರಟಿದ್ದ ಶಟರು. ಪಟ್ಟಿಗಳನ್ನು ಕುಯ್ದು ಭಾರ ಕಡಿಮೆಯಾಗಿದ್ದರೆ ಸ್ಪ್ರಿಂಗು ಸುರುಳಿಯನ್ನು ತಿರುಗಿಸುತ್ತಿತ್ತು, ಸುರುಳಿ ತಿರುಗಿದ್ದರೆ ತೊಲೆ ಜಾರುತ್ತಿತ್ತು. ಆಮೇಲೆ ಅಟ್ಟದ ಕಾಯೆಲ್ಲ ಆ ಹೆಂಗಸಿನ ಮೇಲೆ. ಏಣಿಯಿಂದ ಇಳಿದು ಮಿಷನ್ನಿನ ವೈರು ಕಿತ್ತು ದೂರ ಇಟ್ಟೆ.

ಮತ್ತೆ ಮಲಗಿದೆ.

"ಅಕ್ಕಾ, ನಿಮಗೆ ಕಾಣ್ತಿತ್ತಲ್ವಾ?"

"ಏನು?"

"ತೊಲೆ."

"ಕಾಣ್ತಿತ್ತು ಕಣಪ್ಪ."

"ಮತ್ಯಾಕೆ ಸರ್ಯಾಗೈತೆ ಅಂದ್ರಿ? ನಾನು ಕುಯ್ದಿದ್ರೆ ಏನಾಗ್ತಿತ್ತು ಗೊತ್ತಾ?"

"ನೀನು ಬೇಗ ಕುಯ್ದು ನಾನು ಬೇಗ ನುಸುಳ್ಬುಟ್ರೆ ಅಟ್ಟಕ್ಕೆ ಏನೂ ಆಗಾಕಿಲ್ಲ ಅನ್ಕಂಡೆ." ದನಿ ಸಣ್ಣದಾಯಿತು. "ಕಾಯಿ ಹಾಕ್ದಾಗಿಂದ ತೊಲೆ ಇಳೀತಾ ಬಂತು. ದಿನಾ ತಮ್ಮನ ಕಾರು ಆಚೆ ಹೋದ್ಮೇಲೆ ಒಂದು ಕಂಬ ಆಸರೆ ಕೊಡ್ತಿದ್ದೆ. ಅವ್ನು ಬರೋ ಹೊತ್ಗೆ ತೆಗ್ದು ಗೋಡೆ ಬುಡಕ್ಕೆ ಮಲಗುಸ್ತಿದ್ದೆ. ಇವತ್ತು ಬೇಗ ಬತ್ತೀನಿ ಅಂದ. ಕಂಬ ತೆಗ್ದೆ. ಚಟ್ ಅಂತು."

ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಯಜಮಾನರು ಕೇಳಿಸಿಕೊಳ್ಳುತ್ತಿದ್ದರು. "ನಂಗೊಂದು ಮಾತು ಹೇಳ್ಬಾರ್ದಾಗಿತ್ತೇನಕ್ಕಾ?" ಎಂದರು.

"ಹೇಳಿದ್ರೆ ಇಳಿಸು ಅಂತಿದ್ರಿ. ಮುಂದಿರೋದೆಲ್ಲ ನನ್ನ ಕಾಯಿ ಅಲ್ವೇನೋ."

ಇದು ಅರ್ಥವಾಗಬೇಕಾದರೆ ನಮ್ಮ ಕಡೆಯ ಪದ್ಧತಿ ಗೊತ್ತಿರಬೇಕು. ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯನ್ನು ಹೆಚ್ಚುಕಡಿಮೆ ಒಂದು ವರ್ಷ ಯಾರೂ ಮುಟ್ಟುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಡಬೇಕು. ನಡುವೆ ಇಳಿಸಿ ಏರಿಸಿ ಅಲುಗಾಡಿಸಿದರೆ ಕೊಬ್ಬರಿ ಕೆಡುತ್ತದೆ ಎಂದು ಮಕ್ಕಳಿಗೂ ಹೇಳಿಕೊಟ್ಟಿರುತ್ತಾರೆ. ಒಂದೇ ಅಟ್ಟದಲ್ಲಿ ಇಬ್ಬರ ಫಸಲಿದ್ದರೆ ಇದು ನಿನ್ನದು, ಇದು ನನ್ನದು ಎಂದು ಜಾಗ ಹಂಚಿಕೊಂಡು ರಾಶಿ ಹಾಕುತ್ತಾರೆ. ಈ ಅಕ್ಕ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವರು. ಪಾಲಿಗೆ ಬಂದ ಸ್ವಲ್ಪ ತೋಟವನ್ನು ತಾವೇ ನೋಡಿಕೊಂಡು, ಹಿಂದಿನ ಕೋಣೆಯಲ್ಲಿ ಬೇರೆ ಒಲೆ ಹೂಡಿದ್ದರು. ತಮ್ಮನ ಕಾಯಿ ಮೊದಲೇ ಅಟ್ಟ ಸೇರಿ ಹಿಂದೆ ಕೂತಿತ್ತು, ಅರ್ಧ ಒಣಗಿ ಹಗುರವಾಗಿತ್ತು. ಆಕೆಯ ಕಾಯಿ ತಡವಾಗಿ ಕಿತ್ತದ್ದು, ನೀರು ತುಂಬಿದ್ದು. ಅದು ಮುಂದುಗಡೆ, ಸರಿಯಾಗಿ ಶಟರಿನ ನೆತ್ತಿಯ ಮೇಲೆ ಬಂದು ಕೂತಿತು. ಇಬ್ಬರ ರಾಶಿ ಕಲೆಸಿ ಹರಡಿದ್ದರೆ ತೊಲೆಗೆ ಏನೂ ಆಗುತ್ತಿರಲಿಲ್ಲವೋ ಏನೋ.

"ಅಟ್ಟ ಇಳಿಸ್ಬೇಕು" ಎಂದೆ. "ಮೊದ್ಲು ಭಾರ ಇಳೀಬೇಕು, ಆಮೇಲೇ ಶಟರು."

ಪಕ್ಕದ ತೋಟದವರೊಬ್ಬರು ಅಷ್ಟರಲ್ಲಿ ಟ್ರ್ಯಾಕ್ಟರ್ ತಂದಿದ್ದರು. "ಅದೆಲ್ಲಾ ಯಾವಾಗ ಆಗ್ತದೆ ಮೇಸ್ತ್ರಿ? ಚೈನ್ ಹಾಕಿ ಒಂದೇ ಎಳ್ತ ಎಳೆದ್ರೆ ಶಟರು ಕಿತ್ಕೊಂಡು ಬತ್ತದೆ" ಎಂದರು.

"ಶಟರ್ ಜೊತೆ ಅಟ್ಟಾನೂ ಬತ್ತದೆ. ಚೈನ್ ಹಾಕೋದಾದ್ರೆ ಮೊದ್ಲು ನನ್ನ ಕಾಲಿಗೆ ಹಾಕಿ" ಎಂದೆ. ನನ್ನ ದನಿ ನನಗೇ ಜೋರು ಅನ್ನಿಸಿತು. ಅವರು ಇಂಜಿನ್ ನಿಲ್ಲಿಸಿದರು.

ಅಗ್ನಿಶಾಮಕದವರಿಗೆ ಫೋನ್ ಹೋಗಿತ್ತು. ಗಾಡಿ ಹುಳಿಯಾರು ದಾರಿಯಲ್ಲಿ ನಾರಿನ ರಾಶಿಗೆ ಹತ್ತಿದ್ದ ಬೆಂಕಿಯ ಹತ್ತಿರವಿತ್ತು, ಅಲ್ಲಿಂದ ಹೊರಟು ಬರಬೇಕಿತ್ತು. ಹಿಂದಿನ ಗೋಡೆ ಒಡೆಯೋಣವೆಂದರೆ ಅಟ್ಟದ ಅಡ್ಡೆಗಳೆಲ್ಲ ಅದರ ಮೇಲೇ ಕೂತಿದ್ದವು. ಪಕ್ಕದ ಗೋಡೆಗೆ ಸುತ್ತಿಗೆ ಹಾಕಿದರೂ ಅದುರು ತೊಲೆಗೇ ಹೋಗುತ್ತಿತ್ತು. ಹೊರಗಿನಿಂದ ತೊಲೆಗೆ ಕಂಬ ಕೊಟ್ಟು ಕಾರಿನ ಜಾಕಿನಿಂದ ಮೆಲ್ಲಗೆ ಒತ್ತಿ ನೋಡಿದೆ. ಹೊರ ಅಂಚು ಏಳುವ ಬದಲು ತೊಲೆ ಒಳಕ್ಕೆ ತಿರುಚಿಕೊಳ್ಳತೊಡಗಿತು, ಕಿರ್ರ್ ಎಂಬ ಸದ್ದು ಒಳಗಿಂದ ಬಂತು. ಜಾಕು ಸಡಿಲಿಸಿ, ಕಂಬ ತೊಲೆಗೆ ಬರೀ ತಾಗಿರುವಷ್ಟು ಬಿಟ್ಟೆ.

"ಅಟ್ಟ ಮುಟ್ಬ್ಯಾಡ್ರಪ್ಪಾ" ಎಂದು ಒಳಗಿಂದ ಆಕೆ ಕೂಗಿದರು. "ಒಂದು ವರ್ಷದ ಕೆಲ್ಸ ಕಣ್ರಪ್ಪಾ ಅದು."

ಯಜಮಾನರು ನನ್ನ ಮುಖ ನೋಡಿದರು. ಇಳಿಸಿ ಎಂದು ಹೇಳಬೇಕಾದವರು ಅವರು, ಆದರೆ ಅದು ಅವರ ಕಾಯಲ್ಲ. ಅವರ ಹೆಂಡತಿ ಗೋಡೆ ಬಿಟ್ಟು ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಏಣಿ ಕೊಡ್ರಿ. ಇಲ್ಲಿರೋರಲ್ಲಿ ನಾನೇ ಹಗುರ" ಎಂದರು. ಒಳಗಿದ್ದ ಅತ್ತಿಗೆಗೂ ಆಕೆಗೂ ಅಷ್ಟಾಗಿ ಮಾತಿರಲಿಲ್ಲ ಎಂದು ನನಗೆ ಅಲ್ಲೇ ಯಾರೋ ಪಿಸುಗುಟ್ಟಿದರು.

ಒಳಗಿದ್ದ ಅಕ್ಕನಿಗೆ ಒಂದೇ ಮಾತು ಹೇಳಿದೆ. ಅಡ್ಡೆಗಳು ಗೋಡೆಯ ಮೇಲೆ ಕೂತಿರುವ ಹಿಂದಿನ ಮೂಲೆಯೇ ಎಲ್ಲಕ್ಕಿಂತ ಗಟ್ಟಿ ಜಾಗ. ಅಲ್ಲಿ ಕೂತುಕೊಳ್ಳಬೇಕು, ಏನೇ ಸದ್ದಾದರೂ ಏಳಬಾರದು.

"ಆಯ್ತು ಕಣಪ್ಪ, ಹೋಗ್ತೀನಿ" ಎಂದರು.

ಶಟರಿನ ಮುಂದೆ ಯಾರೂ ನಿಲ್ಲಬಾರದೆಂದು ಎಲ್ಲರನ್ನೂ ದೂರ ಕಳಿಸಿದೆ. ನಾನೂ ಅಲ್ಲಿಂದ ಎದ್ದೆ. ಅಟ್ಟದ ಮೇಲೆ ಯಾರೂ ಕಾಲಿಡುವಂತಿಲ್ಲ, ಇರುವ ಭಾರಕ್ಕೆ ಮನುಷ್ಯನ ಭಾರ ಸೇರಿಸುವಂತಿಲ್ಲ. ಎರಡೂ ಪಕ್ಕದ ಗೋಡೆಗೆ ಒಂದೊಂದು ಏಣಿ ಒರಗಿಸಿ, ಮಾಡಿನ ಮುಂಭಾಗದ ಶೀಟುಗಳ ಬೋಲ್ಟು ಬಿಚ್ಚಿ, ಶೀಟನ್ನು ಒಡೆಯದೆ ಜಾರಿಸಿ ಇಳಿಸಿಕೊಂಡೆವು. ಒಂದು ಏಣಿಯಲ್ಲಿ ಯಜಮಾನರ ಹೆಂಡತಿ, ಇನ್ನೊಂದರಲ್ಲಿ ಪಕ್ಕದ ಮನೆಯ ಒಬ್ಬ ಸಣಕಲು ಮನುಷ್ಯ. ಕೈಗೆ ಸಿಕ್ಕುವ ಕಾಯನ್ನು ಕೈಯಿಂದ, ಸಿಕ್ಕದ್ದನ್ನು ಕುಡುಗೋಲು ಬಿಚ್ಚಿದ ದೋಟಿಯ ಉದ್ದ ಗಳದಿಂದ ಎಳೆದುಕೊಳ್ಳುವುದು. ಕೆಳಗೆ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುವುದು.

ಮೊದಲು ಜನ ದಬದಬ ಎಸೆಯತೊಡಗಿದರು. ಯಜಮಾನರ ಹೆಂಡತಿ ಏಣಿಯ ಮೇಲಿಂದ ಗದರಿದರು. "ಎಸೀಬ್ಯಾಡ್ರಿ! ಅತ್ತಿಗೆ ಕಾಯಿ ಅವು. ಕೈಗೆ ಕೊಡ್ರಿ. ಹೊಂಗೆ ಮರದ ನೆಳ್ಳಾಗೆ ಬ್ಯಾರೆ ಇಡ್ರಿ."

ಅದರಿಂದ ಕೆಲಸ ಇನ್ನೂ ನಿಧಾನವಾಯಿತು. ನನಗೆ ಒಳಗೊಳಗೇ ಉರಿಯುತ್ತಿತ್ತು, ಪ್ರಾಣ ಮುಖ್ಯವೋ ಕಾಯಿ ಮುಖ್ಯವೋ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಎಸೆಯುವ ಏಟು ಗೋಡೆಗೆ ಬೀಳದಿದ್ದರೆ ನನ್ನ ಕೆಲಸಕ್ಕೂ ಒಳ್ಳೆಯದೇ. ಅಲ್ಲದೆ ಆ ಮಾತು ಹೊರಗಿನವರಿಗೆ ಹೇಳಿದ್ದಲ್ಲ, ಒಳಗಿನವರಿಗೆ ಕೇಳಲಿ ಎಂದೇ ಅಷ್ಟು ಗಟ್ಟಿಯಾಗಿ ಹೇಳಿದಂತಿತ್ತು.

ನಡುನಡುವೆ ಅಕ್ಕನನ್ನು ಕೂಗಿ ಮಾತಾಡಿಸುತ್ತಿದ್ದೆ.

"ಎಲ್ಲಿದ್ದೀರಿ ಅಕ್ಕಾ?"

"ಮೂಲೇಲಿ ಕುಂತಿದ್ದೀನಿ ಕಣಪ್ಪ."

ಮುಂದಿನ ರಾಶಿ ಅರ್ಧ ಕರಗಿತ್ತು. ಆಗ ನಾನು ಯೋಚಿಸದಿದ್ದ ಒಂದು ಸಂಗತಿ ನಡೆಯಿತು. ಮುಂದೆ ಹಳ್ಳ ಬಿದ್ದರೆ ಹಿಂದಿನದು ಸುಮ್ಮನೆ ಕೂತಿರುತ್ತದೆಯೇ? ತಮ್ಮನ ಕಾಯಿರಾಶಿ ಒಮ್ಮೆಲೇ ಸಡಿಲಗೊಂಡು ಗುಡುಗುಡು ಉರುಳಿ ಮುಂದಕ್ಕೆ ನುಗ್ಗಿತು. ಇಳಿಸಿದ್ದೆವು ಎಂದುಕೊಂಡಿದ್ದ ಭಾರ ಮತ್ತೆ ತೊಲೆಯ ಮೇಲೆ ಬಂತು, ಅದೂ ಏಟಿನ ಸಮೇತ. ತೊಲೆ ಲಟಲಟ ಎಂದಿತು. ಏಣಿ ಒರಗಿದ್ದ ಗೋಡೆಯಿಂದ ಮಣ್ಣು ಉದುರಿತು. ಮೇಲಿದ್ದಾಕೆ ಶೀಟಿನ ಅಂಚನ್ನು ತಬ್ಬಿಕೊಂಡರು.

ಯಜಮಾನರು ಶಟರಿನ ಕಡೆ ಓಡಿದರು. ನಾನು ಹಿಂದಿನಿಂದ ಹಿಡಿದು ನೆಲಕ್ಕೆ ಕೆಡವಿಕೊಂಡೆ. ಇಬ್ಬರೂ ಮಣ್ಣಲ್ಲಿ ಬಿದ್ದು, ಕಿವಿಯೆಲ್ಲ ಒಳಗೇ ಇಟ್ಟಿದ್ದೆವು.

"ಅಕ್ಕಾ!" ಎಂದು ಅವರು ಕಿರುಚಿದರು. ಉತ್ತರವಿಲ್ಲ. ಇನ್ನೊಮ್ಮೆ ಕಿರುಚಿದರು. ಇಳಿಸಿ ಎಂದವನು ನಾನು, ಇದು ನನ್ನ ತಲೆಗೇ ಬಂತು ಎಂದುಕೊಂಡೆ.

"ಇದ್ದೀನಿ ಕಣೋ" ಎಂದು ಒಂದು ಒತ್ತಿಹಿಡಿದಂಥ ದನಿ ಬಂತು. "ಅವ್ಳು ಬಿದ್ಲಾ?"

"ಇಲ್ಲ ಅತ್ತಿಗೆ, ಇಲ್ಲೇ ಇದ್ದೀನಿ" ಎಂದರು ಏಣಿಯ ಮೇಲಿದ್ದಾಕೆ. ಇಳಿದುಬಿಡಿ, ಬೇರೆಯವರನ್ನು ಹತ್ತಿಸುತ್ತೇನೆ ಎಂದೆ. ಇಳಿಯಲಿಲ್ಲ.

ಕ್ರಮ ಬದಲಿಸಿದೆ. ಹಿಂಭಾಗದ ಶೀಟುಗಳನ್ನೂ ಬಿಚ್ಚಿಸಿ, ಹಿಂದಿನ ಗೋಡೆಗೆ ಇನ್ನೊಂದು ಏಣಿ ಹಾಕಿಸಿದೆ. ಮೊದಲು ಹಿಂದಿನ ರಾಶಿಯ ನೆತ್ತಿಯನ್ನು ತೆಗೆಯುವುದು, ಆಮೇಲೆ ಮುಂದಿನದನ್ನು ಅಷ್ಟೇ ತೆಗೆಯುವುದು, ಎಲ್ಲೂ ಇಳಿಜಾರು ಆಗದಂತೆ. ಇನ್ನು ಯಾರ ಕಾಯಿ ಯಾವುದು ಎಂದು ನೋಡುವಂತಿರಲಿಲ್ಲ. ಎಲ್ಲವೂ ಹೊಂಗೆ ಮರದ ಕೆಳಗೆ ಒಂದೇ ರಾಶಿಯಾಗಿ ಬಿದ್ದವು. ಟ್ರ್ಯಾಕ್ಟರಿನವರೇ ಈಗ ಎಲ್ಲರಿಗಿಂತ ಚುರುಕಾಗಿ ಕೈ ಕೊಡುತ್ತಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ಅಗ್ನಿಶಾಮಕದ ಗಾಡಿ ಹೊರಟಿದೆ ಎಂದು ಫೋನು ಬಂತು. ಅವರು ಬರುವ ತನಕ ಕಾಯುವುದು ಸರಿಯೇ ಎಂದು ಯೋಚಿಸಿದೆ. ಅಟ್ಟ ಬಹುಮಟ್ಟಿಗೆ ಖಾಲಿಯಾಗಿತ್ತು, ಆದರೆ ಒಳಗಿನ ದನಿ ಬರಬರುತ್ತಾ ಕುಗ್ಗಿತ್ತು. ನಾಲ್ಕು ಸಲ ಕೂಗಿದರೆ ಒಂದು ಸಲ "ಹೂಂ" ಎನ್ನುತ್ತಿದ್ದರು. ಕಾಯಲಿಲ್ಲ.

ಏಣಿಗಳನ್ನೆಲ್ಲ ತೆಗೆಸಿದೆ. ಹೊರಗಿನಿಂದ ತೊಲೆಗೆ ತಾಗಿಸಿಟ್ಟಿದ್ದ ಕಂಬದ ಕೆಳಗೆ ಹಲಗೆ ಕೊಟ್ಟು ಮತ್ತೆ ಜಾಕು ಒತ್ತಿದೆ. ಈ ಸಲ ತೊಲೆ ತಿರುಚಿಕೊಳ್ಳಲಿಲ್ಲ, ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಎದ್ದಿತು. ತಗಡಿನ ಸಂದಿಯಲ್ಲಿ ಟಾರ್ಚು ಬಿಟ್ಟಾಗ ತೊಲೆಗೂ ಸುರುಳಿಗೂ ನಡುವೆ ಬೆಳಕು ಕಂಡಿತು. ಶಟರನ್ನು ಎತ್ತಲು ಹೋಗಲಿಲ್ಲ. ಮೊದಲು ಕೆಳಕ್ಕೆ ಒತ್ತಿದೆ. ಬೆಣೆಯನ್ನು ಬಂದ ದಾರಿಯಲ್ಲೇ ವಾಪಸು ಕಳಿಸಬೇಕು. ಕಟಕ್ಕೆಂದು ಸುರುಳಿ ಬಿಟ್ಟುಕೊಂಡು ಶಟರು ಎರಡು ಬೆರಳಷ್ಟು ಇಳಿಯಿತು. ಆಮೇಲೆ ನಾನೂ ಯಜಮಾನರೂ ಎರಡು ಪಕ್ಕ ಹಿಡಿದು, ಒಂದೊಂದೇ ಪಟ್ಟಿಯ ಲೆಕ್ಕದಲ್ಲಿ, ಸೊಂಟದೆತ್ತರಕ್ಕೆ ಎತ್ತಿದೆವು.

ಮೊದಲು ಕಂಡದ್ದು ಎರಡು ಕಾಲು. ಅವು ಹಿಂದಿನ ಮೂಲೆಯಲ್ಲಿರಲಿಲ್ಲ. ಶಟರಿನಿಂದ ಒಂದು ಮೊಳ ಆಚೆಗೆ, ಸಿಮೆಂಟು ನೆಲಕ್ಕೆ ಊರಿಕೊಂಡು ನಿಂತಿದ್ದವು.

ಅಕ್ಕ ತಮ್ಮ ಕಂಬವನ್ನು ಮತ್ತೆ ತೊಲೆಗೆ ಕೊಟ್ಟಿದ್ದರು. ತೊಲೆ ಇಳಿದಿದ್ದರಿಂದ ಕಂಬ ನೆಟ್ಟಗೆ ನಿಲ್ಲುವಂತಿರಲಿಲ್ಲ, ಓರೆಯಾಗಿ ಮಾತ್ರ ಕೂರುತ್ತಿತ್ತು. ಓರೆಯಾದ ಕಂಬದ ಬುಡ ನುಣ್ಣನೆಯ ನೆಲದಲ್ಲಿ ಜಾರುತ್ತದೆ. ಜಾರದಂತೆ ಬುಡಕ್ಕೆ ಪಾದ ಒತ್ತಿ, ಕಂಬವನ್ನು ಎರಡೂ ತೋಳಿನಿಂದ ಬಳಸಿ, ಹೆಗಲು ಕೊಟ್ಟು ನಿಂತಿದ್ದರು. ನಾವು ಕಾಯಿ ಇಳಿಸಲು ಶುರುಮಾಡಿದಾಗಿನಿಂದ ಹಾಗೇ ನಿಂತಿದ್ದರು. ರಾಶಿ ಉರುಳಿ ತೊಲೆ ಲಟಲಟ ಎಂದಾಗಲೂ ಅಲ್ಲೇ ಇದ್ದರು. ಹೆಗಲಿನ ಹತ್ತಿರ ರವಿಕೆ ಹರಿದು ರಕ್ತ ಒಸರಿ ಒಣಗಿತ್ತು.

ನಾನು ತೆವಳಿಕೊಂಡು ಒಳಗೆ ಹೋಗಿ ಕಂಬಕ್ಕೆ ನನ್ನ ಹೆಗಲು ಕೊಟ್ಟೆ. ಬಿಡಿ ಅಕ್ಕಾ ಎಂದೆ. ಆಕೆಗೆ ಬಿಡಲು ಬರಲಿಲ್ಲ. ಯಜಮಾನರು ಒಂದೊಂದೇ ಬೆರಳನ್ನು ಬಿಡಿಸಿ, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಹೊರಗೆ ಹೋದರು. ಇಬ್ಬರು ಬಂದು ಕಂಬದ ಬುಡಕ್ಕೆ ಕಲ್ಲು ಕೊಟ್ಟ ಮೇಲೆ ನಾನೂ ಹೊರಬಿದ್ದೆ.

ಹೊರಬಿದ್ದವನೇ ಕೂಗಾಡಿದೆ. ಅಷ್ಟು ಹೊತ್ತಿನ ಹೆದರಿಕೆಯೆಲ್ಲ ಸಿಟ್ಟಾಗಿ ಬಂತು. "ಏನಕ್ಕಾ ನೀವು! ಮೂಲೇಲಿ ಕುಂತ್ಕಳಿ ಅಂತ ಎಷ್ಟು ಸಲ ಬಡ್ಕಂಡೆ. ಕುಂತಿದ್ದೀನಿ ಅಂತ ಸುಳ್ಳು ಬೇರೆ ಹೇಳ್ತೀರಿ. ಆ ಕಾಯಿ ಸಲುವಾಗಿ ಪ್ರಾಣ ಕೊಡ್ತಿದ್ರಾ?"

ಆಕೆ ನನ್ನ ಕಡೆ ನೋಡಲೇ ಇಲ್ಲ. ಜಗಲಿಯ ಕಂಬಕ್ಕೆ ಒರಗಿಸಿ ಕೂರಿಸಿದ್ದರು. ಮುಂದೆ ತಮ್ಮನ ಹೆಂಡತಿ ನೀರಿನ ಲೋಟ ಹಿಡಿದು ನಿಂತಿದ್ದರು.

"ಕಾಯಿಗಲ್ಲ ಕಣಪ್ಪ" ಎಂದರು ಅಕ್ಕ, ಆಕೆಯನ್ನೇ ನೋಡುತ್ತಾ. "ಏಣಿ ಮೇಲೆ ಇವ್ಳ ದನಿ ಕೇಳುಸ್ತು. ತೊಲೆ ಬಿದ್ರೆ ಆ ಗೋಡೆ ನಿಲ್ತಿತ್ತಾ?"

ಎಲ್ಲರನ್ನೂ ಎಲ್ಲೆಲ್ಲಿ ನಿಲ್ಲಿಸಬೇಕೆಂದು ಅಷ್ಟು ಯೋಚಿಸಿದವನು, ಹಳೇ ಮಣ್ಣುಗಾರೆಯ ಗೋಡೆಗೆ ಒರಗಿದ ಏಣಿಯ ಮೇಲೆ ಒಬ್ಬಾಕೆ ನಿಂತಿದ್ದಾಳೆ ಎಂಬುದನ್ನು ಅಕ್ಕನಷ್ಟು ಯೋಚಿಸಿರಲಿಲ್ಲ.

ತಮ್ಮನ ಹೆಂಡತಿ ಪಕ್ಕದಲ್ಲಿ ಕೂತು ಲೋಟವನ್ನು ಮುಂದೆ ಹಿಡಿದರು. ಅಕ್ಕ ಕೈ ಎತ್ತಲು ಹೋದರು. ಕೈ ಮೊಣಕಾಲಿನಿಂದ ಮೇಲೆ ಏಳಲಿಲ್ಲ. ಆಗ ಆಕೆಯೇ ಲೋಟವನ್ನು ಅತ್ತಿಗೆಯ ಬಾಯಿಗಿಟ್ಟು, ಗುಟುಕು ಗುಟುಕಾಗಿ ಕುಡಿಸುತ್ತಾ, ತಡೆಯಲಾರದೆ ಅತ್ತುಬಿಟ್ಟರು.

"ನಿಮ್ ಕಾಯಿ ಬ್ಯಾರೆನೇ ಇಡ್ತಿದ್ದೆ ಅತ್ತಿಗೆ. ರಾಶಿ ಉರುಳ್ದಾಗ ಎಲ್ಲಾ ಕಲೆತೋದ್ವು. ಯಾವುದು ನಿಮ್ದು ಯಾವುದು ನಮ್ದು ಅಂತ ಗೊತ್ತಾಗಾಕಿಲ್ಲ ಈಗ."

ಅಕ್ಕ ಹೊಂಗೆ ಮರದ ಕೆಳಗಿನ ರಾಶಿಯನ್ನು ಒಂದು ಗಳಿಗೆ ನೋಡಿದರು. ಆಮೇಲೆ ಮಡಿಲಲ್ಲಿ ಬಿದ್ದಿದ್ದ ತಮ್ಮ ಎರಡು ಕೈಗಳನ್ನು ನೋಡಿಕೊಂಡರು.

"ಕಲೆತೋಗ್ಲಿ ಬುಡೇ" ಎಂದರು. "ಬ್ಯಾರೆ ಮಾಡಾಕೆ ನಂಗೀಗ ತೋಳೆಲ್ಲಿ ಐತೆ."